ಗೋಬಿಯ ಮರಳಲ್ಲಿ ಮೂಳೆಗೆ ಪ್ಲಾಸ್ಟರ್ ಕಟ್ಟುವುದು

ಪ್ರಶ್ನೆ: ಹೊರದೇಶದಲ್ಲಿ ಭೂವಿಜ್ಞಾನ ಎಂ.ಎಸ್ಸಿ. ಓದುತ್ತಿದ್ದೇನೆ. ನಮ್ಮ ವಿಭಾಗದ ತಂಡ ಈ ಬೇಸಿಗೆಗೆ ಡೈನೋಸಾರ್ ಪಳೆಯುಳಿಕೆ ಹುಡುಕಲು ಮಂಗೋಲಿಯಾದ ಗೋಬಿಗೆ ಹೊರಟಿದೆ. ಹಿಂದಿನ ಸಲ ಸೀನಿಯರ್‌ಗಳು ಮೂಳೆಯನ್ನು ಸುತ್ತಲಿನ ಮರಳಿನ ಸಮೇತ ಪ್ಲಾಸ್ಟರ್ ಕಟ್ಟಿ, ಆ ಗಡ್ಡೆಯನ್ನು ಮಗುಚುವಾಗ ಅಡಿಯಿಂದ ಮರಳು ಸುರಿದು, ಜೊತೆಗೆ ಮೂಳೆಯೂ ಉದುರಿತಂತೆ. ತಪ್ಪು ಎಲ್ಲಾಗುತ್ತದೆ? (ಓದುಗರು, ಧಾರವಾಡ)

ಉತ್ತರ: ಅಡಿಭಾಗವನ್ನು ಒಳಕ್ಕೆ ಕೊರೆಯದೆ ಪ್ಲಾಸ್ಟರ್ ಹಾಕಿರುತ್ತಾರೆ. ಗೋಬಿಯ ಪಳೆಯುಳಿಕೆ ತಾಣ ಬಯಾನ್‌ಜಾಗ್‌ನ ಕೆಂಪು ದಿಬ್ಬಗಳ ಜಡೋಖ್ತಾ ಶಿಲಾಸ್ತರ ಸುಮಾರು ಏಳೂವರೆ ಕೋಟಿ ವರ್ಷದ ಹಿಂದೆ ಬಹುಪಾಲು ಗಾಳಿಯೇ ತಂದು ಪೇರಿಸಿದ ಮರಳು. ಎಷ್ಟೋ ಕಡೆ ಉಗುರಲ್ಲಿ ಕೆರೆದರೂ ಉದುರುತ್ತದೆ. ಗಟ್ಟಿ ಸುಣ್ಣಕಲ್ಲಿನಲ್ಲಿ ನಡೆದುಹೋಗುವ ಅವಸರ ಇಲ್ಲಿ ನಡೆಯದು. ಕರ್ನಾಟಕದ ಬಂಡೆಗಳು ಹೆಚ್ಚಿನವು ಡೈನೋಸಾರ್‌ಗಳಿಗಿಂತ ಎಷ್ಟೋ ಹಳೆಯವಾದ್ದರಿಂದ ಊರಲ್ಲಿ ಇದನ್ನು ಕಲಿಯುವ ಅವಕಾಶವೂ ನಿಮಗೆ ಸಿಕ್ಕಿರಲಿಕ್ಕಿಲ್ಲ. ಹೊರಡುವ ಮೊದಲು ಮರಳು ತುಂಬಿದ ಪೆಟ್ಟಿಗೆಯಲ್ಲಿ ಕೋಳಿಮೂಳೆ ಹೂತು ಎರಡು ಸಲವಾದರೂ ಕಟ್ಟಿ ನೋಡಿ.

ಮೂಳೆ ಕಂಡ ಕೂಡಲೇ ಅಗೆಯಬೇಡಿ. ಜಿಪಿಎಸ್ ಗುರುತು, ಅಳತೆಪಟ್ಟಿ ಇಟ್ಟು ಫೋಟೊ, ಯಾವ ಪದರ, ಮೂಳೆ ಯಾವ ದಿಕ್ಕಿಗೆ ಮಲಗಿದೆ, ಇಷ್ಟೂ ಪುಸ್ತಕಕ್ಕೆ ಹತ್ತಲಿ. ಆಮೇಲೆ ಮೇಲ್ಭಾಗವನ್ನು ಮಾತ್ರ ಬ್ರಷ್‌ನಿಂದ ಬಿಡಿಸಿ, ಮೂಳೆ ಎಲ್ಲಿಯವರೆಗಿದೆ ಎಂದು ತಿಳಿದು, ಸುತ್ತ ಒಂದು ಗೇಣು ಬಿಟ್ಟು ಕಾಲುವೆ ತೋಡಿ. ಕಾಲುವೆ ಮೂಳೆಯ ಮಟ್ಟಕ್ಕಿಂತ ಸಾಕಷ್ಟು ಕೆಳಗಿಳಿಯಬೇಕು. ಈಗ ಗಡ್ಡೆಯ ಬುಡವನ್ನು ಸುತ್ತಲೂ ಒಳಕ್ಕೆ ಕೊರೆಯುತ್ತ ಬನ್ನಿ, ಅಣಬೆಯ ತಲೆ ಮತ್ತು ಕಾಲಿನ ಹಾಗೆ. ಮರಳು ತೀರಾ ಸಡಿಲವಿದ್ದರೆ ಒಂದೇ ಸಲ ಕೊರೆಯದೆ, ಮೊದಲು ಮೇಲಿನ ಅರ್ಧಕ್ಕೆ ಪ್ಲಾಸ್ಟರ್ ಹಾಕಿ, ಒಣಗಿದ ಮೇಲೆ ಕೆಳಗೆ ಇಳಿಯಿರಿ.

ಮೂಳೆಯ ಮೇಲೆ ಒದ್ದೆ ಟಾಯ್ಲೆಟ್ ಪೇಪರನ್ನು ನಾಲ್ಕಾರು ಪದರ ಹಾಸಿ, ಬ್ರಷ್‌ನಿಂದ ತಟ್ಟಿ ಕೂರಿಸಿ. ಇದನ್ನು ಬಿಟ್ಟರೆ ಪ್ಲಾಸ್ಟರ್ ನೇರ ಮೂಳೆಗೇ ಕಚ್ಚಿಕೊಳ್ಳುತ್ತದೆ. ಲ್ಯಾಬಿನಲ್ಲಿ ಬಿಡಿಸುವಾಗ ಮೂಳೆಯ ಮೇಲ್ಪದರವೇ ಎದ್ದುಬರುತ್ತದೆ.

ಪ್ಲಾಸ್ಟರ್ ಕಲಸುವಾಗ ನೀರಿಗೆ ಪುಡಿ ಹಾಕಬೇಕು, ಪುಡಿಗೆ ನೀರಲ್ಲ. ಒಂದು ಲೀಟರ್ ನೀರಿಗೆ ಸುಮಾರು ಒಂದೂವರೆ ಕಿಲೋ. ತಕ್ಕಡಿ ಇಲ್ಲದಿದ್ದರೆ ಹಿಡಿಹಿಡಿಯಾಗಿ ಉದುರಿಸುತ್ತ ಹೋಗಿ, ಪುಡಿ ನೀರಿನ ಮೇಲೆ ಪುಟ್ಟ ದ್ವೀಪಗಳಂತೆ ನಿಂತಾಗ ನಿಲ್ಲಿಸಿ. ಒಂದು ನಿಮಿಷ ನೆನೆಯಲಿ, ಆಮೇಲೆ ಕೈಯಿಂದ ಗಂಟೊಡೆದು ಕಲಸಿ. ನಿಮಗೆ ಸಿಗುವ ಸಮಯ ಹತ್ತು ನಿಮಿಷದ ಆಸುಪಾಸು. ಅದಕ್ಕಿಂತ ಬೇಗ ಗಟ್ಟಿಯಾದರೆ ಮೊದಲು ಬಕೆಟ್ ನೋಡಿ: ಹಿಂದಿನ ಸಲದ ಚೂರು ಅಂಟಿಕೊಂಡಿದ್ದರೆ ಅದೇ ಹೆಪ್ಪಿನ ಕೆಲಸ ಮಾಡುತ್ತದೆ. ಬಿಸಿಲಿಗೆ ಕಾದ ನೀರು, ಬಾವಿಯ ಉಪ್ಪುನೀರು, ಅತಿಯಾಗಿ ಕಲಸುವುದು ಕೂಡ ಇದಕ್ಕೆ ಕಾರಣ. ಎಷ್ಟು ಹೊತ್ತಾದರೂ ಗಟ್ಟಿಯಾಗದಿದ್ದರೆ ಪುಡಿ ತೇವ ಹಿಡಿದು ಕೆಟ್ಟಿದೆ ಎಂದರ್ಥ. ಆ ಚೀಲ ಬಳಸಬೇಡಿ.

ಗೋಣಿ ಬಟ್ಟೆಯ ಪಟ್ಟಿಗಳು ನಾಲ್ಕೈದು ಇಂಚು ಅಗಲ ಇರಲಿ. ಅವನ್ನು ಮೊದಲೇ ನೀರಲ್ಲಿ ನೆನೆಸಿ ಹಿಂಡಿ. ಒಣ ಗೋಣಿ ಪ್ಲಾಸ್ಟರಿನ ನೀರನ್ನೇ ಹೀರಿ ಕವಚವನ್ನು ಪೊಳ್ಳು ಮಾಡುತ್ತದೆ. ಒಂದರ ಮೇಲೊಂದು ಅರ್ಧ ಬರುವಂತೆ ಹಾಕಿ, ಕೊರೆದ ಬುಡದ ಒಳಭಾಗಕ್ಕೂ ಪಟ್ಟಿ ಮಡಚಿ ಒತ್ತಿ. ಮಗುಚುವಾಗ ಮರಳನ್ನು ಹಿಡಿದಿಡುವುದು ಈ ಮಡಿಕೆಯೇ. ಉದ್ದನೆಯ ಗಡ್ಡೆಗೆ ಮರದ ಪಟ್ಟಿಯನ್ನೂ ಸೇರಿಸಿ ಕಟ್ಟಿ. ಒಣಗಿದ ಮೇಲೆ ಮೇಲ್ಮೈಯಲ್ಲಿ ಸಂಖ್ಯೆ, ದಿನಾಂಕ, ಉತ್ತರದ ಬಾಣ ಬರೆಯಿರಿ.

ತೂಕವನ್ನು ಮೊದಲೇ ಲೆಕ್ಕ ಹಾಕಿ. ಒಂದು ಮೀಟರ್ ಉದ್ದ, ಅರ್ಧ ಮೀಟರ್ ಅಗಲ, 30 ಸೆಂ.ಮೀ. ದಪ್ಪದ ಗಡ್ಡೆ ಸುಮಾರು 300 ಕಿಲೋ ತೂಗುತ್ತದೆ. ಬುಡದ ಕಾಲನ್ನು ತೆಳ್ಳಗೆ ಮಾಡಿ, ಎಲ್ಲರೂ ಒಂದೇ ಕಡೆ ನಿಂತು, ಒಬ್ಬರ ಮಾತಿಗೆ ಒಟ್ಟಿಗೆ ಹೊರಳಿಸಿ. ಹೊರಳಿದ ಕೂಡಲೇ ಹೆಚ್ಚುವರಿ ಮರಳು ತೆಗೆದು ಅಡಿಯನ್ನೂ ಮುಚ್ಚಿ. ನಾಳೆಗೆಂದು ಬಿಟ್ಟರೆ ರಾತ್ರಿಯ ಗಾಳಿ ಬಿಡುವುದಿಲ್ಲ.

ಪ್ರಶ್ನೆ: ಬಿರುಕು ಬಿಟ್ಟ ಮೂಳೆಗೆ ಸೂಪರ್ ಗ್ಲೂ ಹಾಕಬಹುದೇ?

ಉತ್ತರ: ಬೇಡ. ಆಮೇಲೆ ಬಿಡಿಸುವುದು ಕಷ್ಟ. ಪ್ಯಾರಾಲಾಯ್ಡ್ ಬಿ-72 ರಾಳದ ಕಾಳನ್ನು ಅಸಿಟೋನ್‌ನಲ್ಲಿ ಕರಗಿಸಿ ಬಳಸಿ. ಮೂಳೆಯೊಳಗೆ ಇಂಗಿಸಲು 100 ಮಿ.ಲೀ.ಗೆ 5 ಗ್ರಾಂ ಸಾಕು. ತುಂಡು ಜೋಡಿಸಲು ಅಸಿಟೋನಿನ ತೂಕದಷ್ಟೇ ರಾಳ ಬೇಕು. ನಡುಮಧ್ಯಾಹ್ನ ಹಚ್ಚಿದರೆ ಅಸಿಟೋನ್ ಆವಿಯಾಗಿ ಮೇಲೆ ಹೊಳೆಯುವ ಪೊರೆ ಉಳಿಯುತ್ತದೆಯೇ ಹೊರತು ಒಳಗೇನೂ ಇಳಿಯದು. ಬೆಳಗ್ಗೆ, ಇಲ್ಲವೇ ನೆರಳು ಕಟ್ಟಿಕೊಂಡು ಹಚ್ಚಿ. ರಾಸಾಯನಿಕ ಪರೀಕ್ಷೆಗೆಂದು ಒಂದೆರಡು ಚೂರನ್ನು ಏನೂ ಹಚ್ಚದೆ ಎತ್ತಿಡಿ. ಅಸಿಟೋನ್ ಬೇಗ ಹೊತ್ತಿಕೊಳ್ಳುವ ದ್ರವ, ವಿಮಾನದಲ್ಲಿ ಒಯ್ಯುವಂತಿಲ್ಲ. ಮಂಗೋಲಿಯಾದ ರಾಜಧಾನಿ ಉಲಾನ್‌ಬಾತರ್‌ನಲ್ಲೇ ಕೊಳ್ಳಿ.

ಪ್ರಶ್ನೆ: ಮೊಟ್ಟೆಚಿಪ್ಪಿನ ಒಂದು ಸಣ್ಣ ಚೂರು ನೆನಪಿಗೆ ತರಬಹುದೇ?

ಉತ್ತರ: ಖಂಡಿತ ಕೂಡದು. ಮಂಗೋಲಿಯಾದಲ್ಲಿ ಪಳೆಯುಳಿಕೆ ದೇಶದ ಸ್ವತ್ತು. 2012ರಲ್ಲಿ ನ್ಯೂಯಾರ್ಕ್‌ನಲ್ಲಿ ಹರಾಜಾದ ಟಾರ್ಬೊಸಾರಸ್ ಡೈನೋಸಾರ್‌ನ ಅಸ್ಥಿಪಂಜರವನ್ನು ಆ ದೇಶ ಕಾನೂನಿನ ಮೂಲಕ ತಡೆಹಿಡಿಸಿ, 2013ರಲ್ಲಿ ವಾಪಸು ಪಡೆಯಿತು. ಚೂರಿಗೂ ಬೆಲೆಯಿದೆ: 1923ರಲ್ಲಿ ಬಯಾನ್‌ಜಾಗ್‌ನಲ್ಲಿ ಸಿಕ್ಕ ಮೊಟ್ಟೆಗಳನ್ನು ಪ್ರೊಟೊಸೆರಟಾಪ್ಸ್ ಎಂಬ ಡೈನೋಸಾರ್‌ನದೆಂದು ದಶಕಗಳ ಕಾಲ ನಂಬಿದ್ದರು. 1993ರಲ್ಲಿ ಗೋಬಿಯ ಇನ್ನೊಂದು ತಾಣ ಉಖಾ ತೊಲ್ಗೋದ್‌ನಲ್ಲಿ ಅದೇ ಬಗೆಯ ಮೊಟ್ಟೆಯೊಳಗೆ ಭ್ರೂಣ ಸಿಕ್ಕಾಗ, ಅವು ಓವಿರ‍್ಯಾಪ್ಟರ್ ಎಂಬ ಬೇರೆ ಡೈನೋಸಾರ್‌ನ ಕುಟುಂಬದವು ಎಂದು ತಿಳಿಯಿತು. ಸಿಕ್ಕ ಚಿಪ್ಪನ್ನು ಸ್ಥಳದ ಸಂಖ್ಯೆ ಬರೆದ ಪೊಟ್ಟಣಕ್ಕೆ ಹಾಕಿ ತಂಡದ ಪಟ್ಟಿಗೆ ಸೇರಿಸಿ. ಫೋಟೊ ಎಷ್ಟು ಬೇಕಾದರೂ ತನ್ನಿ, ಆದರೆ ಸ್ಥಳದ ಜಿಪಿಎಸ್ ಗುರುತಿರುವ ಚಿತ್ರವನ್ನು ಫೇಸ್‌ಬುಕ್‌ಗೆ ಹಾಕಬೇಡಿ. ಕಳ್ಳ ಅಗೆತದವರಿಗೆ ಅದೇ ದಾರಿ ತೋರಿಸುತ್ತದೆ.