ಬಾವಿ ಎಲ್ಲಿಗೆ ಹೋಯಿತು?

ಪ್ರಿಯರೇ,

ನಮ್ಮ ಪತ್ರಿಕೆಗೆ ನೀವು ಕಳಿಸಿದ ‘ಅಳಿದುಹೋದ ನಕ್ಷತ್ರಪುಂಜಗಳು’ ಲೇಖನ ಓದಿದೆ. ವಿಷಯ ಚೆನ್ನಾಗಿದೆ, ಭಾಷೆ ಶುದ್ಧವಾಗಿದೆ. ಆದರೆ ಎರಡು ವಾಕ್ಯ ನನಗೆ ನಿದ್ದೆಗೊಡಲಿಲ್ಲ. ಅವೆರಡರ ಬಗ್ಗೆ ಮಾತ್ರ ಬರೆಯುತ್ತೇನೆ.

‘ಫ್ರಾನ್ಸಿನ ಲಲಾಂದ್ ಮನಸ್ಸಿಗೆ ಬಂದಂತೆ ಬೆಕ್ಕು, ಬಲೂನು, ಕೋನಮಾಪಕಗಳನ್ನು ಆಕಾಶಕ್ಕೆ ತುರುಕಿದ.’

ತುರುಕಿದ ಅಂದರೆ ಏನು? ಖಗೋಳಶಾಸ್ತ್ರಜ್ಞ ಲಲಾಂದ್ ತಾನು ರೂಪಿಸಿದ ಪುಂಜಗಳಿಗೆ ಇಟ್ಟ ಹೆಸರುಗಳು ಇವು. ಬೆಕ್ಕಿನ ಮಾತು ಬಿಡಿ, ಅದು ಆತನ ಮೆಚ್ಚಿನ ಪ್ರಾಣಿ. ಆದರೆ ಆ ಕೋನಮಾಪಕ ಪ್ಯಾರಿಸ್ಸಿನ ಸೈನಿಕ ಶಾಲೆಯ ವೀಕ್ಷಣಾಲಯದಲ್ಲಿ ಗೋಡೆಗೆ ಬಿಗಿದಿದ್ದ ಕಾಲುವೃತ್ತದ ಉಪಕರಣ, ಅಂದರೆ ಕ್ವಾಡ್ರಂಟ್. ಅದರ ದೂರದರ್ಶಕಕ್ಕೆ ಕಣ್ಣಿಟ್ಟು ಆತನ ಬಂಧು ಮಿಶೆಲ್ ರಾತ್ರಿಗಟ್ಟಲೆ ನಕ್ಷತ್ರಗಳ ಸ್ಥಾನ ಗುರುತಿಸಿದ. ಹಾಗೆ ಅಳೆದವು 47 ಸಾವಿರಕ್ಕೂ ಹೆಚ್ಚು. 1795ರ ಮೇ 8 ಮತ್ತು 10ರಂದು ನೆಪ್ಚೂನ್ ಗ್ರಹವೇ ಅವರ ಕಣ್ಣಿಗೆ ಬಿದ್ದಿತ್ತು. ಚುಕ್ಕಿ ಸರಿದಿದ್ದನ್ನು ನೋಡಿ ಅಳತೆಯೇ ತಪ್ಪಿರಬೇಕು ಅಂದುಕೊಂಡರು. ಅದೇ ವರ್ಷ ಲಲಾಂದ್ ಆ ಉಪಕರಣವನ್ನು ಪುಂಜವಾಗಿ ಆಕಾಶಕ್ಕೇರಿಸಿದ. ಆಯುಧಪೂಜೆಯ ದಿನ ಮಗ್ಗಕ್ಕೆ, ಲೇತ್ ಯಂತ್ರಕ್ಕೆ ಕುಂಕುಮ ಇಡುವವರನ್ನು ನೀವು ನೋಡಿಲ್ಲವೇ? ಅವರನ್ನು ನೆನೆದು ಈ ವಾಕ್ಯ ಮತ್ತೆ ಬರೆಯಿರಿ.

‘ಕಾಲಾಂತರದಲ್ಲಿ ಈ ಪುಂಜಗಳು ಆಕಾಶದಿಂದ ಕಣ್ಮರೆಯಾದವು.’

ಒಂದು ಚುಕ್ಕಿಯೂ ಎಲ್ಲಿಗೂ ಹೋಗಿಲ್ಲ. ನಕಾಶೆ ಬರೆಯುವವರು ಒಬ್ಬೊಬ್ಬರಾಗಿ ಕೈಬಿಟ್ಟರು. 1922ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ 88 ಪುಂಜಗಳ ಪಟ್ಟಿಯನ್ನು ಒಪ್ಪಿಕೊಂಡಿತು, ಅದರಲ್ಲಿ ಇವು ಇರಲಿಲ್ಲ.

ನಾನು ಉಪಸಂಪಾದಕನಾಗಿ ಸೇರಿದ ಹೊಸತರಲ್ಲಿ, ಅಚ್ಚಿನ ಮೊಳೆ ಜೋಡಿಸುವ ಕಾಲದಲ್ಲಿ, ಒಂದು ಹಳ್ಳಿಯ ಸುದ್ದಿಗೆ ‘ಊರ ಬಾವಿ ಕಣ್ಮರೆಯಾಯಿತು’ ಅಂತ ಬರೆದಿದ್ದೆ. ನಮ್ಮ ಹಿರಿಯರು ಕನ್ನಡಕ ತೆಗೆದು ಕೇಳಿದರು: “ಬಾವಿ ಎಲ್ಲಿಗೆ ಹೋಯ್ತಪ್ಪಾ? ಮುಚ್ಚಿದ್ದು ಯಾರು?” ನನ್ನ ಬಳಿ ಉತ್ತರ ಇರಲಿಲ್ಲ. ಮರುದಿನ ಬೆಳಗಿನ ಬಸ್ಸು ಹತ್ತಿ ಹೋಗಿ ಕೇಳಿಕೊಂಡು ಬಂದೆ. ಬಾವಿ ಇದ್ದ ಜಾಗದಲ್ಲಿ ಕೆಮ್ಮಣ್ಣು ಇನ್ನೂ ಹಸಿಯಾಗಿತ್ತು. ಇವತ್ತಿಗೂ ‘ಕಣ್ಮರೆಯಾಯಿತು’ ಕಂಡರೆ ಆ ಮಣ್ಣು ನೆನಪಾಗುತ್ತದೆ.

ಇನ್ನೊಂದು ಮಾತು. ಆ ಕೋನಮಾಪಕದ ಹೆಸರು ಒಂದು ಕಡೆ ಉಳಿದಿದೆ. ಅದರ ಚುಕ್ಕಿಗಳಿದ್ದ ದಿಕ್ಕಿನಿಂದ ಪ್ರತಿ ಜನವರಿ 3–4ರ ಸುಮಾರಿಗೆ ಬೀಳುವ ಉಲ್ಕೆಗಳಿಗೆ ಇಂದಿಗೂ ಕ್ವಾಡ್ರಾಂಟಿಡ್ ಎಂದೇ ಹೆಸರು. ನಿಮ್ಮ ಲೇಖನದಲ್ಲಿ ಅದು ಇಲ್ಲವೇ ಇಲ್ಲ. ಈ ಸಲ ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ದೀಪವಿಲ್ಲದ ಕಡೆ ನಿಂತು ಈಶಾನ್ಯಕ್ಕೆ ನೋಡಿ. ನೋಡಿದ್ದನ್ನು ಸೇರಿಸಿ ಕಳಿಸಿ. ಫೆಬ್ರವರಿ ಸಂಚಿಕೆಯಲ್ಲಿ ಎರಡು ಪುಟ ಖಾಲಿ ಇಟ್ಟಿರುತ್ತೇನೆ.