ಓದುಗರ ಪ್ರಶ್ನೆ: ಹವಾಮಾನ ಯೋಜನೆಗೆ ಹೊಣೆ ಯಾರು?

ಪ್ರಶ್ನೆ: ವರ್ತೂರು ಕೆರೆಯ ಸಮೀಪದ ನಮ್ಮ ಬಡಾವಣೆಗೆ 2022ರ ಸೆಪ್ಟೆಂಬರ್‌ನಲ್ಲಿ ಮಳೆನೀರು ನುಗ್ಗಿತ್ತು, 2024ರ ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿ ಟ್ಯಾಂಕರ್‌ಗಾಗಿ ಕಾದೆವು. ಬೆಂಗಳೂರಿಗೆ ಹವಾಮಾನ ಕ್ರಿಯಾ ಯೋಜನೆಯೊಂದು ಇದೆಯಂತೆ. ಅದನ್ನು ನಡೆಸುವವರು ಯಾರು? ನಾವು ಯಾರನ್ನು ಕೇಳಬೇಕು?
— ಓದುಗರೊಬ್ಬರು, ವರ್ತೂರು

ಉತ್ತರ: ಯೋಜನೆ ಇದೆ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು 2023ರ ನವೆಂಬರ್‌ನಲ್ಲಿ ಅದನ್ನು ಬಿಡುಗಡೆ ಮಾಡಿತು. 2050ರ ವೇಳೆಗೆ ನಿವ್ವಳ ಇಂಗಾಲ ಹೊರಸೂಸುವಿಕೆಯನ್ನು ಶೂನ್ಯಕ್ಕೆ ಇಳಿಸುವ ಗುರಿಯ ಜೊತೆಗೆ, ನೆರೆ ಮತ್ತು ನೀರಿನ ಕೊರತೆಗೆ ನಗರವನ್ನು ಸಜ್ಜುಗೊಳಿಸುವ ಕ್ರಮಗಳೂ ಅದರಲ್ಲಿವೆ.

ತೊಡಕಿರುವುದು ಹೊಣೆಯ ಹಂಚಿಕೆಯಲ್ಲಿ. ರಾಜಕಾಲುವೆ ಪಾಲಿಕೆಯದು, ಕುಡಿಯುವ ನೀರು ಮತ್ತು ಒಳಚರಂಡಿ ಜಲಮಂಡಳಿಯದು; ಎಲ್ಲಿ ಕಟ್ಟಬಹುದು, ಎಲ್ಲಿ ಕಟ್ಟಬಾರದು ಎಂಬುದನ್ನು ಹೇಳಬೇಕಾದ ಮಾಸ್ಟರ್ ಪ್ಲಾನ್ 2015ರವರೆಗಿನ ಅಗತ್ಯಕ್ಕೆಂದು ರೂಪಿಸಿದ್ದು, ಅದರ ಮುಂದಿನ 2031ರ ಕರಡನ್ನು ಸರ್ಕಾರ ಹಿಂತೆಗೆದುಕೊಂಡಿತು. 2025ರ ಸೆಪ್ಟೆಂಬರ್‌ನಲ್ಲಿ ಆ ಒಂದು ಪಾಲಿಕೆಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಾದವು. ಆದರೆ ನೀರು ಹರಿಯುವುದು ಕಣಿವೆಯನ್ನು ಅನುಸರಿಸಿ: ನಗರದ ನಡುಭಾಗದಲ್ಲಿ ಸುರಿದ ಮಳೆ ಕೋರಮಂಗಲದ ಕಡೆಯಿಂದ ಬೆಳ್ಳಂದೂರು ಕೆರೆಗೆ, ಅಲ್ಲಿಂದ ನಿಮ್ಮ ವರ್ತೂರು ಕೆರೆಗೆ ಬಂದು, ಕೋಡಿ ಹರಿದು ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಮೇಲಿನ ಪಾಲಿಕೆಯು ತನ್ನ ಕಾಲುವೆಗೆ ಕಾಂಕ್ರೀಟ್ ಗೋಡೆ ಕಟ್ಟಿ ನೀರನ್ನು ಬೇಗ ಸಾಗಹಾಕಿದರೆ ಮುಳುಗುವುದು ನಿಮ್ಮ ಬಡಾವಣೆ. ಅದೇ ನೀರು ಮೇಲೆಯೇ ಇಂಗಿದ್ದರೆ ಬೇಸಿಗೆಯಲ್ಲಿ ಅಂತರ್ಜಲಕ್ಕೂ ಆಸರೆಯಾಗುತ್ತಿತ್ತು. ಹಿಂದೆ ಕೆರೆಯ ತೂಬು ತೆರೆಯುವ, ಮುಚ್ಚುವ ಕೆಲಸಕ್ಕೆ ಊರಿಗೊಬ್ಬ ನೀರುಗಂಟಿ ಇರುತ್ತಿದ್ದ. ಇಂದು ಇಡೀ ಕಣಿವೆಗೆ ಅಂಥ ಒಬ್ಬ ಹೊಣೆಗಾರ ಬೇಕೆಂದು ನಾನು ಬಲವಾಗಿ ನಂಬುತ್ತೇನೆ. ಐದೂ ಪಾಲಿಕೆಗಳ ಮೇಲಿರುವ ಪ್ರಾಧಿಕಾರವೇ ಆ ಹೊಣೆಯನ್ನು ಹೊರಬೇಕು.

ಅಹಮದಾಬಾದಿನ ಉದಾಹರಣೆ ಇಲ್ಲಿ ಪ್ರಸ್ತುತ. 2010ರ ಬಿಸಿಗಾಳಿಯ ಸಾವುಗಳ ನಂತರ ಅಲ್ಲಿನ ಪಾಲಿಕೆ 2013ರಲ್ಲಿ ತಾಪ ಎದುರಿಸುವ ಯೋಜನೆ ತಂದಿತು. ಮುನ್ನೆಚ್ಚರಿಕೆ ಹೊರಟ ದಿನ ಆಸ್ಪತ್ರೆ ಏನು ಮಾಡಬೇಕು, ಕುಡಿಯುವ ನೀರನ್ನು ಯಾರು ಒದಗಿಸಬೇಕು ಎಂಬುದೆಲ್ಲ ಅದರಲ್ಲಿ ಮೊದಲೇ ಗೊತ್ತುಪಡಿಸಲಾಗಿತ್ತು.

ಆದ್ದರಿಂದ ನಿಮ್ಮ ವಾರ್ಡ್ ಸಮಿತಿಗೂ ಪಾಲಿಕೆಯ ಆಯುಕ್ತರಿಗೂ ಲಿಖಿತವಾಗಿ ಎರಡು ವಿಷಯ ಕೇಳಿ: ನಿಮ್ಮ ಕಣಿವೆಯ ಕಾಲುವೆ ಮತ್ತು ಕೆರೆಗಳ ಹೂಳೆತ್ತಲು ಈ ವರ್ಷದ ಬಜೆಟ್‌ನಲ್ಲಿ ಎಷ್ಟು ಹಣವಿದೆ, ಮಳೆಗಾಲಕ್ಕೆ ಮುನ್ನ ಅದನ್ನು ಮುಗಿಸಬೇಕಾದ ಅಧಿಕಾರಿ ಯಾರು? ಬೆಳ್ಳಂದೂರಿನ ನಿವಾಸಿಗಳೂ ಅದೇ ಪತ್ರಕ್ಕೆ ಸಹಿ ಹಾಕಿದರೆ ಇನ್ನೂ ಒಳ್ಳೆಯದು.