ಷಡ್ಭುಜದ ಕರ್ಣಗಳು: ಛೇದಬಿಂದು 15ಓ, 13ಓ?
ಪೀನ (ಯಾವ ಮೂಲೆಯೂ ಒಳಕ್ಕೆ ಬಾಗದ) ಷಡ್ಭುಜದ ಕರ್ಣಗಳಿಗೆ ಒಳಗೆ 15 ಛೇದಬಿಂದುಗಳಿರಬೇಕೆಂದು ಸೂತ್ರ ಹೇಳಿದರೂ ನಿಮ್ಮ ಚಿತ್ರದಲ್ಲಿ 13 ಮಾತ್ರ ಏಕೆ ಸಿಗುತ್ತವೆ ಎಂದು ಕೇಳಿದ್ದೀರಿ. ನಿಮ್ಮ ಎಣಿಕೆ ಸರಿಯಾಗಿಯೇ ಇದೆ. ಯಾವುದೇ ನಾಲ್ಕು ಶೃಂಗಗಳನ್ನು ಆರಿಸಿಕೊಂಡರೆ ಒಂದು ಚತುರ್ಭುಜವಾಗಿ, ಅದರ ಕರ್ಣಗಳೆರಡೂ ಒಂದೇ ಕಡೆ ಛೇದಿಸುತ್ತವೆ. ಆರರಲ್ಲಿ ನಾಲ್ಕನ್ನು 15 ರೀತಿಯಲ್ಲಿ ಆರಿಸಬಹುದಾದ್ದರಿಂದ ಆ ಸಂಖ್ಯೆ ಬಂದಿದೆ. ಆದರೆ ಮೂರು ಕರ್ಣಗಳು ಒಂದೇ ಬಿಂದುವಿನಲ್ಲಿ ಸೇರಬಾರದೆಂಬ ಷರತ್ತು ಇದರಲ್ಲಿ ಅಡಗಿದೆ (ಇದನ್ನು ಸೂತ್ರದ ಜೊತೆಗೇ ಹೇಳಬೇಕಿತ್ತು). ನೀವು ಕೈವಾರದಿಂದ ರಚಿಸಿರುವುದು ನಿಯತ ಷಡ್ಭುಜ, ಅಂದರೆ ಎಲ್ಲ ಬಾಹುಗಳೂ ಕೋನಗಳೂ ಸಮನಾಗಿರುವ ಷಡ್ಭುಜ. ಅದರಲ್ಲಿ ಎದುರುಬದುರಿನ ಶೃಂಗಗಳನ್ನು ಸೇರಿಸುವ ಮೂರು ಉದ್ದನೆಯ ಕರ್ಣಗಳು ಕೇಂದ್ರದಲ್ಲೇ ಸಂಧಿಸುವುದರಿಂದ ಮೂರು ಬಿಂದುಗಳು ಒಂದಾಗಿ, ಲೆಕ್ಕದಲ್ಲಿ ಎರಡು ಕಡಿಮೆಯಾಗುತ್ತವೆ. ಒಂದು ಶೃಂಗವನ್ನು ವೃತ್ತದ ಮೇಲೆಯೇ ಅರ್ಧ ಸೆಂಟಿಮೀಟರ್ ಸರಿಸಿ ನೋಡಿ: ನಡುವೆ ಪುಟ್ಟ ತ್ರಿಭುಜವೊಂದು ತೆರೆದುಕೊಂಡು 15 ಬಿಂದುಗಳೂ ಕಾಣಿಸುತ್ತವೆ. ನಿಯತ ಸಪ್ತಭುಜದಲ್ಲಿ ಈ ತೊಡಕೇ ಇಲ್ಲ. ಅಲ್ಲಿ ಸೂತ್ರದಂತೆ 35 ಬಿಂದುಗಳೇ ದೊರೆಯುತ್ತವೆ.